ಮಾತಿಗೊಪ್ಪುವ ದನಿ

ಶ್ರದ್ಧಾಂಜಲಿ ಸಭೆಗಳಿಗೆ ಹೋಗಿ ಬಂದವರಿಗೆ ಈ ದೃಶ್ಯ ಹೊಸದೇನಲ್ಲ. ವೇದಿಕೆಯ ಮೇಲೆ ಹಾರ ಹಾಕಿದ ಫೋಟೊ, ಪಕ್ಕದಲ್ಲಿ ದೀಪ, ಮುಂದಿನ ಸಾಲಿನಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿರುವ ಮನೆಯವರು. ನಿರೂಪಕರು ಮೈಕ್ ಕೈಗೆತ್ತಿಕೊಂಡು, ಕ್ರಿಕೆಟ್ ಟೂರ್ನಿಯ ಬಹುಮಾನ ವಿತರಣೆಗೆ ಬಳಸುವ ಅದೇ ದನಿಯಲ್ಲಿ, ‘ಈಗ ಒಂದು ನಿಮಿಷದ ಮೌನಾಚರಣೆ, ದಯವಿಟ್ಟು ಎಲ್ಲರೂ ಎದ್ದು ನಿಲ್ಲಬೇಕೂ...’ ಎಂದು ರಾಗ ಎಳೆಯುತ್ತಾರೆ. ಆ ಕೊನೆಯ ‘ಬೇಕೂ’ ಮೇಲಕ್ಕೇರಿ ಅಲ್ಲೇ ನೇತಾಡುತ್ತದೆ. ಆಮೇಲೆ ಬರುವ ಭಾಷಣಕಾರರು ತೀರಿಕೊಂಡವರ ಸಾಧನೆಯನ್ನು ಚುನಾವಣಾ ಪ್ರಚಾರದ ಏರುದನಿಯಲ್ಲಿ ಬಣ್ಣಿಸುತ್ತಾರೆ. ವಂದನಾರ್ಪಣೆಯವರಂತೂ ಅಭ್ಯಾಸಬಲದಿಂದ ‘ಕಾರ್ಯಕ್ರಮವನ್ನು ಯಶಸ್ವಿಗೊಳಿಸಿದ ತಮಗೆಲ್ಲ’ ಎಂದು ನಗುನಗುತ್ತಾ ಮುಗಿಸಿಬಿಡುತ್ತಾರೆ.

ಇವರಾರೂ ದುಃಖವಿಲ್ಲದವರಲ್ಲ. ಮೈಕ್ ಕೆಳಗಿಟ್ಟು ಮನೆಯವರ ಬಳಿ ಬಂದು ‘ಹೀಗಾಗಬಾರದಿತ್ತು’ ಎನ್ನುವಾಗ ಇವರದೇ ದನಿ ಎಷ್ಟು ಮೆತ್ತಗಾಗಿರುತ್ತದೆ! ಆ ದನಿ ವೇದಿಕೆ ಹತ್ತಲು ಯಾಕೆ ಹಿಂಜರಿಯುತ್ತದೆ ಎನ್ನುವುದೇ ಪ್ರಶ್ನೆ. ನಮ್ಮಲ್ಲಿ ಭಾಷಣ ಎಂದರೆ ಪದಗಳನ್ನು ಜೋಡಿಸುವುದು ಎಂಬ ನಂಬಿಕೆ ಬಲವಾಗಿದೆ. ಏನು ಹೇಳಬೇಕೆಂದು ರಾತ್ರಿಯೆಲ್ಲ ಕೂತು ಬರೆಯುತ್ತೇವೆ. ಹೇಗೆ ಹೇಳಬೇಕೆಂಬುದನ್ನು ಮೈಕ್‌ಸೆಟ್ಟಿನವನ ಮೇಲೆ ಬಿಟ್ಟುಬಿಡುತ್ತೇವೆ.

‘ಬಂದ್ರಾ?’ ಎಂಬ ಒಂದೇ ಮಾತನ್ನು ತೆಗೆದುಕೊಳ್ಳಿ. ತಡರಾತ್ರಿವರೆಗೆ ಕಾದ ತಾಯಿ ಹೇಳಿದರೆ ಅದು ನಿಟ್ಟುಸಿರು. ಸಾಲ ಕೊಟ್ಟವರು ಬಾಗಿಲು ತಟ್ಟಿದಾಗ ಒಳಗಿನಿಂದ ಪಿಸುಗುಟ್ಟಿದರೆ ಅದು ಗಾಬರಿ. ಸಭೆ ಮುಗಿಯುವ ಹೊತ್ತಿಗೆ ಬಂದ ಅತಿಥಿಯ ಕಡೆ ನೋಡಿ ಕಾರ್ಯದರ್ಶಿ ಹೇಳಿದರೆ ಅದು ಚುಚ್ಚುಮಾತು. ಅಕ್ಷರ ಬದಲಾಗಿಲ್ಲ, ಅರ್ಥ ಮೂರಾಯಿತು. ಮನೆಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಈ ವಿದ್ಯೆ ನಮಗೆಲ್ಲರಿಗೂ ಕರಗತ. ಅದಕ್ಕೆ ತರಬೇತಿ ಶಿಬಿರ ಬೇಕಿಲ್ಲ.

ನಮ್ಮ ಹಿಂದಿನವರು ಇದಕ್ಕೆ ‘ಕಾಕು’ ಎಂದು ಹೆಸರಿಟ್ಟು, ಶಾಸ್ತ್ರವನ್ನೇ ಕಟ್ಟಿದ್ದರು. ಭರತನ ನಾಟ್ಯಶಾಸ್ತ್ರದಲ್ಲಿ ಮಾತಿನ ದನಿಗೆಂದೇ ಒಂದು ವಿಸ್ತಾರವಾದ ಭಾಗವಿದೆ. ದನಿ ಹೊರಡುವ ಸ್ಥಾನಗಳು ಮೂರು: ಎದೆ, ಕಂಠ, ಶಿರಸ್ಸು. ಪಕ್ಕದಲ್ಲಿರುವವರೊಡನೆ ಎದೆಯಿಂದ, ತುಸು ದೂರದವರೊಡನೆ ಕಂಠದಿಂದ, ದೂರದಲ್ಲಿರುವವರನ್ನು ಕೂಗಲು ಶಿರಸ್ಸಿನಿಂದ. ಆಮೇಲೆ ದನಿಯ ಆರು ಅಲಂಕಾರಗಳು: ಉಚ್ಚ, ದೀಪ್ತ, ಮಂದ್ರ, ನೀಚ, ದ್ರುತ, ವಿಲಂಬಿತ. ಯಾವುದನ್ನು ಎಲ್ಲಿ ಬಳಸಬೇಕೆಂಬ ಪಟ್ಟಿ ಓದುವಾಗ ಇದನ್ನು ಬರೆದವರು ಜನರ ನಡುವೆ ಕಿವಿ ತೆರೆದುಕೊಂಡು ಕೂತಿದ್ದರು ಎನಿಸದಿರದು. ಜಗಳ, ಶೌರ್ಯ, ಸಿಟ್ಟಿಗೆ ದೀಪ್ತ. ಚಿಂತೆ, ನಿರಾಸೆ, ಗುಟ್ಟಿಗೆ ಮಂದ್ರ. ದಣಿದವರ ಮಾತಿಗೂ ಸಹಜ ಸಂಭಾಷಣೆಗೂ ನೀಚ. ಹೆದರಿಕೆಗೆ, ಚಳಿ ಜ್ವರಕ್ಕೆ ದ್ರುತ. ಪ್ರೀತಿಗೆ, ಯೋಚನೆಗೆ, ಒಳಗೇ ಕುದಿಯುವ ಸಿಟ್ಟಿಗೆ ವಿಲಂಬಿತ. ಸಿಟ್ಟು ಎರಡು ಕಡೆ ಬಂದಿರುವುದನ್ನು ಗಮನಿಸಿ. ಹೊರಗೆ ಸಿಡಿಯುವ ಕೋಪಕ್ಕೊಂದು ದನಿ, ಹಲ್ಲು ಕಚ್ಚಿ ತಡೆದ ಕೋಪಕ್ಕೆ ಬೇರೆಯೇ ದನಿ. ಇವತ್ತಿನ ಟಿವಿ ಚರ್ಚೆಗಳಲ್ಲಿ ಎರಡನೆಯದು ಮಾಯವಾಗಿದೆ.

ವಾಕ್ಯ ಪೂರ್ತಿಯಾಯಿತೋ ಇಲ್ಲವೋ ಎಂಬುದರ ಮೇಲೆ ಕಾಕುವಿನಲ್ಲಿ ಎರಡು ಬಗೆ. ಇನ್ನೂ ಏನನ್ನೋ ನಿರೀಕ್ಷಿಸುವಂತೆ ನಿಲ್ಲುವುದು ಸಾಕಾಂಕ್ಷ, ಹೇಳಬೇಕಾದ್ದು ಮುಗಿಯಿತೆಂದು ನೆಲ ಮುಟ್ಟುವುದು ನಿರಾಕಾಂಕ್ಷ. ನಮ್ಮ ವೇದಿಕೆಯ ಅರ್ಧ ರೋಗ ಇಲ್ಲೇ ಇದೆ. ಪ್ರತಿ ವಾಕ್ಯದ ಬಾಲವನ್ನೂ ಮೇಲಕ್ಕೆತ್ತಿ ನಿಲ್ಲಿಸಿದರೆ ಕೇಳುವವರಿಗೆ ಭಾಷಣ ಮುಗಿಯುವವರೆಗೂ ಒಂದು ವಾಕ್ಯವೂ ಮುಗಿದ ಹಾಗೆ ಅನಿಸುವುದಿಲ್ಲ. ಉಚ್ಚಾರಣೆಯ ಹಳೆಯ ಗ್ರಂಥ ‘ಪಾಣಿನೀಯ ಶಿಕ್ಷೆ’ಯಲ್ಲಿ ಕೆಟ್ಟ ಪಾಠಕರ ಪಟ್ಟಿಯೂ ಒಂದಿದೆ: ಹಾಡುವ ಹಾಗೆ ಓದುವವನು, ಗಡಿಬಿಡಿಯಲ್ಲಿ ಓದುವವನು, ತಲೆ ಅಲ್ಲಾಡಿಸುವವನು, ಬರೆದದ್ದನ್ನು ನೋಡಿಕೊಂಡು ಓದುವವನು, ಅರ್ಥ ತಿಳಿಯದವನು, ದನಿ ಸಾಲದವನು. ಈ ಆರರಲ್ಲಿ ಕನಿಷ್ಠ ನಾಲ್ವರನ್ನು ಯಾವುದೇ ರಾಜ್ಯೋತ್ಸವ ಸಮಾರಂಭದಲ್ಲಿ ಒಂದೇ ಸಾಲಿನಲ್ಲಿ ಕೂರಿಸಿ ತೋರಿಸಬಹುದು.

ಹಾಗಾದರೆ ಈ ‘ವೇದಿಕೆಯ ದನಿ’ ಎಲ್ಲಿಂದ ಬಂತು? ಒಂದು ಮೂಲ, ಮೈಕ್ ಇಲ್ಲದ ಕಾಲದ ಕಂಪನಿ ನಾಟಕ. ತಗಡಿನ ಥಿಯೇಟರಿನ ಕೊನೆಯ ಬೆಂಚಿಗೂ ಮಾತು ಮುಟ್ಟಿಸಬೇಕಿದ್ದ ನಟರು ದನಿಯನ್ನು ಏರಿಸಿ, ಸ್ವರವನ್ನು ಉದ್ದ ಮಾಡಿ, ಅಕ್ಷರಗಳನ್ನು ಬಿಡಿಸಿ ಹೇಳುವುದನ್ನು ರೂಢಿಸಿಕೊಂಡರು. ಅದು ಅವರ ಅಗತ್ಯವಾಗಿತ್ತು. ಅದರೊಳಗೂ ಏರಿಳಿತ ಬಲ್ಲವರಿದ್ದರು. ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ದಲ್ಲಿ ಪ್ರೇಕ್ಷಕರ ಕಡೆ ತಿರುಗಿ ಆಡುತ್ತಿದ್ದ ಮಾತು ಕಟ್ಟೆಯ ಮೇಲೆ ಕೂತವರ ಹರಟೆಯ ಹಾಗೇ ಇರುತ್ತಿತ್ತು. ಆಮೇಲೆ ಮರಕ್ಕೆ ಕಟ್ಟುವ ಹಾರ್ನ್ ಬಂತು. ಹಾರ್ನ್ ದೂರಕ್ಕೆ ಕೇಳುತ್ತದೆ, ಆದರೆ ತಗ್ಗಿನ ಸ್ವರಗಳನ್ನು ನುಂಗುತ್ತದೆ. ಎದೆಯಿಂದ ಬಂದ ಮಾತು ಅದರಲ್ಲಿ ತೆಳ್ಳಗಾಗುತ್ತದೆ, ಕಿರುಚಿದ್ದು ಮಾತ್ರ ಇನ್ನಷ್ಟು ಚೂಪಾಗುತ್ತದೆ. ಎರಡು ಮೂರು ತಲೆಮಾರು ಹಾರ್ನಿನಲ್ಲೇ ಭಾಷಣ ಕೇಳಿ ಬೆಳೆಯಿತು. ಭಾಷಣದ ದನಿ ಎಂದರೆ ಇದೇ ಇರಬೇಕೆಂದು ಅಂದುಕೊಂಡಿತು.

ಇದಕ್ಕೆ ತದ್ವಿರುದ್ಧವಾದ ಪಾಠ ಕಲಿಸಿದ್ದು ರೇಡಿಯೊ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಎಂಬ ಸಣ್ಣ ಬಾನುಲಿ ಕೇಂದ್ರ ತೆರೆದರು. ಅಂದಿನಿಂದ ಕನ್ನಡದ ಮಾತುಗಾರ ಸಾವಿರ ಜನರ ಎದುರು ನಿಲ್ಲದೆ, ಒಂದು ಮನೆಯ ಪಡಸಾಲೆಯಲ್ಲಿ ಕೂತ ನಾಲ್ಕು ಜನರೊಡನೆ ಮಾತಾಡುವಂತಾಯಿತು. ಅಲ್ಲಿ ಕೂಗುವಂತಿಲ್ಲ, ಕೂಗಿದರೆ ಜನ ಕಿವಿ ತಿರುಪಿ ದನಿ ತಗ್ಗಿಸುತ್ತಾರೆ. ಆಕಾಶವಾಣಿಯ ವಾರ್ತಾವಾಚಕರು ರೂಢಿಸಿಕೊಂಡ ಸಮದನಿಯನ್ನು ಕೆಲವರು ಸಪ್ಪೆ ಎಂದು ಆಡಿಕೊಳ್ಳುವುದುಂಟು. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಸುದ್ದಿಯನ್ನು ಹೇಳುವವರು ಸುದ್ದಿಯ ಬಗ್ಗೆ ತಮಗೇನನಿಸಿತು ಎಂದು ದನಿಯಲ್ಲಿ ಹೇಳಬಾರದು. ವಿಷಯಕ್ಕೆ ಒಪ್ಪುವ ದನಿ ಎಂದರೆ ಯಾವಾಗಲೂ ಭಾವ ತುಂಬಿದ ದನಿ ಎಂದು ಅರ್ಥವಲ್ಲ.

ಅದಕ್ಕೆ ಅಪರ್ಣಾ ಒಳ್ಳೆಯ ಉದಾಹರಣೆ. ಪುಟ್ಟಣ್ಣ ಕಣಗಾಲರ ‘ಮಸಣದ ಹೂವು’ ಚಿತ್ರದಿಂದ ಬಂದ ಅವರು ಮುಂದೆ ದೂರದರ್ಶನದಲ್ಲೂ ಸರ್ಕಾರಿ ಸಮಾರಂಭಗಳಲ್ಲೂ ನಿರೂಪಣೆ ಎಂದರೆ ಹೀಗಿರಬೇಕು ಎನ್ನಿಸಿಕೊಂಡರು. ಬೆಂಗಳೂರಿನ ನಮ್ಮ ಮೆಟ್ರೊದಲ್ಲಿ ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ಹೇಳಿದ ಕನ್ನಡದ ದನಿ ಅವರದು. ಅದರಲ್ಲಿ ಸಡಗರವಿಲ್ಲ, ಗಡುಸಿಲ್ಲ. ಆತುರದಲ್ಲಿರುವವರಿಗೆ ಗೊಂದಲವಾಗದಷ್ಟು ನಿಧಾನ, ದಿನಾ ಕೇಳುವವರಿಗೆ ಬೇಸರವಾಗದಷ್ಟು ತಿಳಿ. ಅದೇ ಅಪರ್ಣಾ ಹಾಸ್ಯ ಕಾರ್ಯಕ್ರಮ ‘ಮಜಾ ಟಾಕೀಸ್’ನಲ್ಲಿ ವರಲಕ್ಷ್ಮಿಯಾಗಿ ಬೇರೆಯೇ ದನಿಯಲ್ಲಿ ನಗಿಸಿದರು. 2024ರ ಜುಲೈ 11ರಂದು ಅವರು ತೀರಿಕೊಂಡಾಗ, ಅವರನ್ನು ಎಂದೂ ನೋಡಿರದ ಪ್ರಯಾಣಿಕರಿಗೂ ಪರಿಚಯದವರೊಬ್ಬರು ಹೋದಂತೆ ಅನಿಸಿತು.

ಕ್ರಿಯಾಪದದ ಹೊತ್ತಿಗೆ ಉಸಿರಿರಲಿ

ದನಿ ಎನ್ನುವುದು ಮೊದಲಿಗೆ ಉಸಿರಿನ ವ್ಯವಹಾರ. ಶ್ವಾಸಕೋಶದಿಂದ ಬರುವ ಗಾಳಿ ಗಂಟಲಿನ ಧ್ವನಿತಂತುಗಳು ಕಂಪಿಸುವಂತೆ ಮಾಡುತ್ತದೆ. ಮಾಮೂಲು ಮಾತಿನಲ್ಲಿ ಗಂಡಸರಲ್ಲಿ ಸೆಕೆಂಡಿಗೆ ಸುಮಾರು 120 ಸಲ, ಹೆಂಗಸರಲ್ಲಿ ಸುಮಾರು 200 ಸಲ. ಭಯವಾದಾಗ ಗಂಟಲಿನ ಸ್ನಾಯು ಬಿಗಿಯುತ್ತದೆ, ತಂತುಗಳು ಎಳೆದುಕೊಳ್ಳುತ್ತವೆ, ದನಿ ಮೇಲೇರುತ್ತದೆ. ಉಸಿರು ಹೊಟ್ಟೆಯವರೆಗೆ ಇಳಿಯದೆ ಎದೆಯ ಮೇಲ್ಭಾಗದಲ್ಲೇ ಓಡಾಡುತ್ತದೆ. ಬಾಯಿ ಒಣಗುತ್ತದೆ. ವೇದಿಕೆ ಹತ್ತಿದವರು ‘ಎಲ್ಲರಿಗೂ ನಮಸ್ಕಾರ’ ಎಂದಾಗಲೇ ದನಿ ಅವರದಲ್ಲ ಎನಿಸುವುದು ಇದರಿಂದ. ‘ಧೈರ್ಯವಾಗಿರಿ’ ಎಂಬ ಉಪದೇಶದಿಂದ ಸ್ನಾಯು ಸಡಿಲವಾಗುವುದಿಲ್ಲ. ಮೈಕ್ ಮುಂದೆ ನಿಂತು, ಸಭೆಯನ್ನು ಒಮ್ಮೆ ನೋಡಿ, ಒಂದು ಉಸಿರನ್ನು ಪೂರ್ತಿ ಹೊರಬಿಟ್ಟು ಆಮೇಲೆ ಒಳಗೆಳೆದುಕೊಂಡು ಶುರುಮಾಡಿದರೆ ಆಗುತ್ತದೆ. ಬಿಡುವುದು ಮುಖ್ಯ. ಹೆದರಿದವರ ಎದೆಯಲ್ಲಿ ಹಳೆಯ ಗಾಳಿಯೇ ತುಂಬಿಕೊಂಡಿರುತ್ತದೆ, ಹೊಸದಕ್ಕೆ ಜಾಗವಿರುವುದಿಲ್ಲ.

ಕನ್ನಡದಲ್ಲಿ ಮಾತಾಡುವವರಿಗೆ ಉಸಿರಿನ ಲೆಕ್ಕ ಇನ್ನೂ ಮುಖ್ಯ. ವ್ಯಕ್ತಿತ್ವ ವಿಕಸನದ ಪುಸ್ತಕಗಳಲ್ಲಿ ಸಿಗುವ ಸಲಹೆಗಳೆಲ್ಲ ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲಿಟ್ಟು ಬರೆದವು. ಅಲ್ಲಿ ಯಾರು, ಏನು ಮಾಡಿದರು ಎನ್ನುವುದು ಮೊದಲೇ ಬಂದುಬಿಡುತ್ತದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ. ಹೌದೋ ಅಲ್ಲವೋ, ಆಯಿತೋ ಆಗಲಿದೆಯೋ ಎಂಬ ತೀರ್ಪೆಲ್ಲ ವಾಕ್ಯದ ಬಾಲದಲ್ಲಿದೆ. ‘ನಮ್ಮ ಊರಿನ ಕೆರೆಯನ್ನು ಮುಚ್ಚಿ ಅಲ್ಲಿ ಬಸ್ ನಿಲ್ದಾಣ ಕಟ್ಟುವ ಈ ಯೋಜನೆಗೆ ಗ್ರಾಮಸ್ಥರಾದ ನಾವು ಯಾವ ಕಾರಣಕ್ಕೂ ಒಪ್ಪಿಗೆ ಕೊಡುವುದಿಲ್ಲ’ ಎಂಬ ವಾಕ್ಯವನ್ನು ಒಂದೇ ಉಸಿರಿಗೆ ಹೇಳಿ ನೋಡಿ. ‘ನಮ್ಮ ಊರಿನ’ ಎನ್ನುವಾಗ ದನಿ ಗುಡುಗುತ್ತದೆ. ‘ಕೊಡುವುದಿಲ್ಲ’ಕ್ಕೆ ಬರುವ ಹೊತ್ತಿಗೆ ಉಸಿರು ತೀರಿ, ಆ ‘ಇಲ್ಲ’ ಅಂಗಿಯ ಜೇಬಿನೊಳಗೆ ಬಿದ್ದುಹೋಗುತ್ತದೆ. ಹಿಂದಿನ ಸಾಲಿನವರಿಗೆ ಗ್ರಾಮಸ್ಥರು ಒಪ್ಪಿಗೆ ಕೊಟ್ಟ ಹಾಗೇ ಕೇಳಿಸಿದ್ದರೂ ಆಶ್ಚರ್ಯವಿಲ್ಲ.

ಇದಕ್ಕೆ ಮದ್ದು ಎರಡು. ಒಂದು, ವಾಕ್ಯವನ್ನು ತುಂಡು ಮಾಡುವುದು: ‘ನಮ್ಮ ಊರಿನ ಕೆರೆ ಮುಚ್ಚುತ್ತಾರಂತೆ. ಅಲ್ಲಿ ಬಸ್ ನಿಲ್ದಾಣ ಕಟ್ಟುತ್ತಾರಂತೆ. ನಾವು ಒಪ್ಪುವುದಿಲ್ಲ.’ ಇನ್ನೊಂದು, ಕೊನೆಯ ಪದಕ್ಕೆ ಮುಂಚೆ ಚೂರು ನಿಂತು, ಅದನ್ನು ತಗ್ಗಿನ ಸ್ವರದಲ್ಲಿ, ಆದರೆ ತುಂಬು ಉಸಿರಿನಲ್ಲಿ ಇಳಿಸುವುದು. ಸ್ವರ ತಗ್ಗಬೇಕು, ಬಲ ತಗ್ಗಬಾರದು. ಇವೆರಡನ್ನೂ ಒಂದೇ ಎಂದು ತಿಳಿದಿರುವುದರಿಂದಲೇ ನಮ್ಮವರು ಬಲ ಬೇಕಾದಾಗಲೆಲ್ಲ ಸ್ವರ ಏರಿಸುತ್ತಾರೆ.

ಒತ್ತು ಕೊಡುವ ವಿಷಯದಲ್ಲೂ ಕನ್ನಡದ ದಾರಿ ಬೇರೆ. ‘ನಾನೇ ಹೇಳಿದ್ದೆ’, ‘ಅವರೂ ಬಂದಿದ್ದರು’, ‘ನೀವು ತಾನೇ ಕೇಳಿದ್ದು’: ಇಲ್ಲೆಲ್ಲ ಒತ್ತು ಕೊಡುವ ಕೆಲಸವನ್ನು ಏ, ಊ, ತಾನೇ ಎಂಬ ಪುಟ್ಟ ತುಣುಕುಗಳೇ ಮಾಡಿಬಿಡುತ್ತವೆ. ಅದರ ಮೇಲೆ ಇಂಗ್ಲಿಷಿನ ಧಾಟಿಯಲ್ಲಿ ಪದಪದಕ್ಕೂ ಗುದ್ದು ಕೊಟ್ಟರೆ ಎಫ್‌ಎಂ ಜಾಕಿಗಳ ಮಾತಿನ ಹಾಗೆ ಕೇಳುತ್ತದೆ. ಕಂಡಕಂಡಲ್ಲಿ ಸ್ವರ ಎಳೆಯುವಂತೆಯೂ ಇಲ್ಲ. ‘ಬಳೆ’ ಎಳೆದರೆ ‘ಬಾಳೆ’, ‘ಕೊಡು’ ಎಳೆದರೆ ‘ಕೋಡು’. ಹ್ರಸ್ವ ದೀರ್ಘಗಳಿಂದಲೇ ಅರ್ಥ ನಿಂತಿರುವ ಭಾಷೆ ಇದು. ಎಳೆಯಲೇಬೇಕೆಂದಿದ್ದರೆ ದೀರ್ಘವಿರುವಲ್ಲಿ ಎಳೆಯಿರಿ, ಭಾಷೆಯೇ ಅದಕ್ಕೆ ಜಾಗ ಬಿಟ್ಟಿದೆ.

ಮತ್ತೊಂದು ಪೇಚು ಆಡುಮಾತಿನದು. ಧಾರವಾಡದವರ ಮಾತಿನ ಲಯ ಬೇರೆ, ಕುಂದಾಪುರದವರದು ಬೇರೆ, ಮಂಡ್ಯದವರದು ಬೇರೆ. ಮನೆಯಲ್ಲಿ ಸೊಗಸಾಗಿ ಮಾತಾಡುವವರು ವೇದಿಕೆಗೆ ಬಂದೊಡನೆ ಪಠ್ಯಪುಸ್ತಕದ ಕನ್ನಡಕ್ಕೆ ಹಾರುತ್ತಾರೆ. ಪದಗಳು ಬದಲಾದೊಡನೆ, ಆ ಪದಗಳ ಜತೆ ಹುಟ್ಟಿನಿಂದ ಬಂದ ದನಿಯೂ ಬಿಟ್ಟುಹೋಗುತ್ತದೆ. ಗಂಗಾವತಿ ಪ್ರಾಣೇಶ್ ಅವರ ಹಾಸ್ಯ ಮೈಸೂರಿನಲ್ಲೂ ಅಮೆರಿಕದ ಕನ್ನಡ ಕೂಟಗಳಲ್ಲೂ ನಡೆಯುವುದಕ್ಕೆ ಅವರು ತಮ್ಮ ಸೀಮೆಯ ಮಾತನ್ನು ವೇದಿಕೆಗೆಂದು ಬದಲಾಯಿಸಿಕೊಳ್ಳದೆ ಇರುವುದೂ ಒಂದು ಕಾರಣ. ಅದನ್ನೇ ಶಿಷ್ಟ ಕನ್ನಡಕ್ಕೆ ತಿರುಗಿಸಿದರೆ ಯಾರೂ ನಗಲಾರರು.

ಶೇಕಡಾ 93ರ ಕಟ್ಟುಕಥೆ

ದನಿಯ ಮಹತ್ವ ಹೇಳುವ ತರಬೇತುದಾರರೆಲ್ಲ ಒಂದು ಅಂಕಿಯನ್ನು ತಪ್ಪದೆ ಹೇಳುತ್ತಾರೆ. ಸಂವಹನದಲ್ಲಿ ಪದಗಳ ಪಾಲು ಶೇಕಡಾ 7, ದನಿಯದು 38, ಮುಖಭಾವ ಮತ್ತು ದೇಹಭಾಷೆಯದು 55 ಅಂತೆ. ಪವರ್‌ಪಾಯಿಂಟಿನಲ್ಲಿ ಬಣ್ಣದ ವೃತ್ತದ ಸಮೇತ ಬರುವ ಈ ಲೆಕ್ಕವನ್ನು ನಂಬಿದರೆ, ತಮಿಳು ಬಾರದವರೂ ತಮಿಳು ಭಾಷಣದ 93 ಪಾಲನ್ನು ಅರ್ಥ ಮಾಡಿಕೊಳ್ಳಬೇಕು.

ಇದರ ಮೂಲ 1967ರಲ್ಲಿ ಪ್ರಕಟವಾದ ಆಲ್ಬರ್ಟ್ ಮೆಹ್ರಾಬಿಯನ್ ಅವರ ಎರಡು ಅಧ್ಯಯನಗಳು. ಕ್ಯಾಲಿಫೋರ್ನಿಯಾದ ಈ ಮನಃಶಾಸ್ತ್ರಜ್ಞ ಪರೀಕ್ಷಿಸಿದ್ದು ಭಾಷಣಗಳನ್ನಲ್ಲ, ಬಿಡಿ ಪದಗಳನ್ನು. ಹೇಳುವ ಪದ ಒಂದು ಭಾವವನ್ನೂ ಹೇಳುವ ದನಿ ಅಥವಾ ಮುಖ ಇನ್ನೊಂದು ಭಾವವನ್ನೂ ತೋರಿಸಿದಾಗ ಜನ ಯಾವುದನ್ನು ನಂಬುತ್ತಾರೆ ಎಂಬುದು ಅಲ್ಲಿನ ಪ್ರಶ್ನೆ. ಇಷ್ಟಾನಿಷ್ಟಗಳನ್ನು ಹೇಳುವ ಸಂದರ್ಭಕ್ಕೆ ಮಾತ್ರ ಇದು ಅನ್ವಯ ಎಂದು ಸ್ವತಃ ಮೆಹ್ರಾಬಿಯನ್ ಸ್ಪಷ್ಟಪಡಿಸಿದ್ದಾರೆ. ಆದರೂ ಆ ವೃತ್ತ ಇನ್ನೂ ತಿರುಗುತ್ತಲೇ ಇದೆ.

ದನಿಯ ಬಲವನ್ನು ತೋರಿಸಲು ಸುಳ್ಳು ಲೆಕ್ಕವೇನೂ ಬೇಕಿಲ್ಲ. ಕೇರಳ ಮೂಲದ, ಅಮೆರಿಕದಲ್ಲಿ ಕೆಲಸ ಮಾಡಿದ ಮನಃಶಾಸ್ತ್ರಜ್ಞೆ ನಳಿನಿ ಅಂಬಾಡಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕಿಂತ ಎಷ್ಟೋ ಕುತೂಹಲಕರ. ಶಸ್ತ್ರವೈದ್ಯರು ರೋಗಿಗಳೊಡನೆ ಆಡಿದ ಮಾತಿನ ಹತ್ತು ಸೆಕೆಂಡಿನ ತುಣುಕುಗಳನ್ನು ಅವರು ತೆಗೆದುಕೊಂಡರು. ಪದಗಳು ಗುರುತು ಸಿಗದಂತೆ ಸೋಸಿ, ಬರೀ ದನಿಯ ಏರಿಳಿತ ಉಳಿಯುವಂತೆ ಮಾಡಿ ಜನರಿಗೆ ಕೇಳಿಸಿದರು. ದನಿಯಲ್ಲಿ ದರ್ಪ ಹೆಚ್ಚು, ಕಾಳಜಿ ಕಡಿಮೆ ಎಂದು ಕೇಳುಗರು ಹೇಳಿದ ವೈದ್ಯರೇ ಹೆಚ್ಚಾಗಿ, ನಿರ್ಲಕ್ಷ್ಯದ ಆರೋಪದ ಮೇಲೆ ಹಿಂದೆ ಮೊಕದ್ದಮೆ ಎದುರಿಸಿದವರ ಗುಂಪಿನಲ್ಲಿದ್ದರು. ರೋಗಿ ಔಷಧದ ಹೆಸರನ್ನು ಮರೆಯುತ್ತಾನೆ, ಡಾಕ್ಟರು ಅದನ್ನು ಹೇಳಿದ ಧಾಟಿಯನ್ನು ಮರೆಯುವುದಿಲ್ಲ. ಕಾರ್ಖಾನೆಯಲ್ಲಿ ಕೆಲಸ ಹೋಗುವ ಸುದ್ದಿ ಹೇಳುವ ಮ್ಯಾನೇಜರಿಗೂ, ಪರೀಕ್ಷೆ ಮುಂದೂಡಿದ್ದನ್ನು ತಿಳಿಸುವ ಪ್ರಾಂಶುಪಾಲರಿಗೂ ಇದು ಅನ್ವಯಿಸುತ್ತದೆ ಎಂದು ನನಗನಿಸುತ್ತದೆ. ಕೆಟ್ಟ ಸುದ್ದಿಯನ್ನು ಉತ್ಸಾಹದ ದನಿಯಲ್ಲಿ ಸುತ್ತಿಕೊಟ್ಟರೆ ಕೇಳುವವರಿಗೆ ಸುದ್ದಿಗಿಂತ ಆ ದನಿಯೇ ಹೆಚ್ಚು ನೋಯಿಸುತ್ತದೆ.

ವಿಷಯಕ್ಕೆ ದನಿ ಹೊಂದಿಸುವ ಕೆಲಸವನ್ನು ಬಣ್ಣವಿಲ್ಲದೆ, ವೇಷವಿಲ್ಲದೆ, ಕುಳಿತಲ್ಲೇ ಮಾಡುವ ಕಲೆಯೊಂದು ನಮ್ಮ ಕರಾವಳಿ, ಮಲೆನಾಡಿನಲ್ಲಿದೆ. ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವ ಅರ್ಥಧಾರಿಗೆ ಕಿರೀಟವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟು, ಶಾಲು ಹೊದ್ದು ಕೂತ ವ್ಯಕ್ತಿ ರಾವಣನೋ ಕೃಷ್ಣನೋ ಆಗಬೇಕಾದದ್ದು ದನಿಯಿಂದಲೇ. ಭಾಗವತರು ಪದ್ಯ ಮುಗಿಸಿದ ಶ್ರುತಿಗೆ ಹೊಂದಿಕೊಂಡೇ ಮಾತು ಎದ್ದರೆ ಬಲ್ಲವರು ತಲೆದೂಗುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿ, ರಾವಣ, ಮಾಗಧರ ಬಗ್ಗೆ ಇವತ್ತಿಗೂ ಮಾತಾಡುವವರಿದ್ದಾರೆ. ವಾಲಿಯ ಪಾತ್ರವನ್ನೇ ನೋಡಿ. ಮರೆಯಿಂದ ಬಂದ ಬಾಣ ತಿಂದು ಬಿದ್ದವನು ಅವನು. ಮೊದಲ ಮಾತುಗಳಲ್ಲಿ ನೋವಿದೆ, ಆದರೆ ಅವನು ಕಿಷ್ಕಿಂಧೆಯ ರಾಜ, ನರಳುವಂತಿಲ್ಲ. ಆಮೇಲೆ ಬಾಣ ಬಿಟ್ಟವನು ರಾಮನೆಂದು ತಿಳಿದಾಗ ಬರುವುದು ಆಶ್ಚರ್ಯ. ಅದರ ಬೆನ್ನಿಗೆ ಧರ್ಮದ ಪ್ರಶ್ನೆಗಳು, ಇಲ್ಲಿ ದನಿ ನ್ಯಾಯಾಲಯದ ವಾದದಂತೆ ಒಂದೊಂದೇ ಮೆಟ್ಟಿಲು ಏರಬೇಕು. ಕೊನೆಗೆ ಶರಣಾಗತಿ, ಅಂಗದನನ್ನು ಒಪ್ಪಿಸುವ ತಂದೆಯ ಮಾತು. ಒಂದು ಗಂಟೆಯೊಳಗೆ ಒಬ್ಬನೇ ಮನುಷ್ಯ ಇಷ್ಟು ದನಿಗಳನ್ನು ದಾಟುತ್ತಾನೆ, ಅದೂ ಬರೆದುಕೊಂಡು ಬಂದ ಮಾತಲ್ಲ, ಅಲ್ಲೇ ಹುಟ್ಟಿದ್ದು. ಸುರುವಿನಲ್ಲೇ ದನಿಯ ಬೊಕ್ಕಸವನ್ನೆಲ್ಲ ಖರ್ಚು ಮಾಡಿದ ಅರ್ಥಧಾರಿಗೆ ಶರಣಾಗತಿಯ ಹೊತ್ತಿಗೆ ಗಂಟಲು ಒಡೆದಿರುತ್ತದೆ. ಭಾಷಣ ಕಲಿಯಬೇಕೆನ್ನುವವರು ಸಾವಿರಾರು ರೂಪಾಯಿ ಕೊಟ್ಟು ಕೋರ್ಸ್ ಸೇರುವ ಮೊದಲು ಒಂದು ರಾತ್ರಿ ತಾಳಮದ್ದಳೆ ಕೇಳಿ ಬರಲಿ, ಖರ್ಚೂ ಇಲ್ಲ.

ತಗ್ಗಿದ ದನಿ ದೂರ ಹೋಗದು ಎನ್ನುವವರಿಗೆ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಗಳೇ ಉತ್ತರ. 2023ರ ಜನವರಿ 2ರಂದು ಅವರು ಲಿಂಗೈಕ್ಯರಾಗುವವರೆಗೆ ಉತ್ತರ ಕರ್ನಾಟಕದ ಊರೂರುಗಳಲ್ಲಿ ನಸುಕಿನಲ್ಲೇ ಎದ್ದು ಬಂದು ಸಾವಿರಾರು ಜನ ಅವರ ಮಾತು ಕೇಳುತ್ತಿದ್ದರು. ಗುಡುಗಿಲ್ಲ, ಗದರಿಕೆಯಿಲ್ಲ. ಮಾತು ಮಾತಿನ ನಡುವೆ ಧಾರಾಳ ಬಿಡುವು. ಹೊಲ, ಎತ್ತು, ಮಳೆ, ನಕ್ಷತ್ರಗಳ ಬಗ್ಗೆ ಹೇಳುತ್ತಾ ಉಪನಿಷತ್ತಿಗೆ ಹೋಗುವ ಆ ದನಿ ಎಲ್ಲೂ ಹದ ಮೀರುತ್ತಿರಲಿಲ್ಲ. ಶಾಂತಿಯ ವಿಷಯವನ್ನು ಕಿರುಚಿ ಹೇಳುವ ಪ್ರವಚನಕಾರರೂ ನಮ್ಮಲ್ಲಿದ್ದಾರೆ, ಹೋಲಿಸಿ ನೋಡಬಹುದು.

ರಾಜಕಾರಣದಲ್ಲಿ ಜೆ.ಎಚ್. ಪಟೇಲರು ಇನ್ನೊಂದು ಉದಾಹರಣೆ. 1967ರಲ್ಲಿ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿ ಹೆಸರಾದ ಅವರು ಮುಂದೆ ಮುಖ್ಯಮಂತ್ರಿಯಾದಾಗಲೂ, ಸದನವೆಲ್ಲ ಹೊತ್ತಿ ಉರಿಯುವಾಗ ಸೋಮಾರಿ ಎನಿಸುವಷ್ಟು ನಿಧಾನದ ದನಿಯಲ್ಲಿ ಒಂದು ಮಾತು ಎಸೆದು ಕೂರುತ್ತಿದ್ದರು. ನಗೆಮಾತಿಗೆ ನಗುವ ದನಿ ಹಚ್ಚಬಾರದೆಂಬ ಗುಟ್ಟು ಅವರಿಗೆ ಗೊತ್ತಿತ್ತು. ಜೋಕು ಹೇಳುವ ಮೊದಲೇ ತಾವೇ ನಕ್ಕುಬಿಡುವ ಭಾಷಣಕಾರರು ಇದನ್ನು ಗಮನಿಸಬೇಕು. ವಾಜಪೇಯಿಯವರ ಸುದೀರ್ಘ ನಿಲುಗಡೆಗಳೂ ಹಾಗೆಯೇ ಹೆಸರಾದವು. ಅನುಕರಿಸಿದವರು ನಿಲುಗಡೆಯನ್ನಷ್ಟೇ ಕಲಿತರು, ಅದರ ನಂತರ ಹೇಳಬೇಕಾದ ಮಾತನ್ನು ಕಲಿಯಲಿಲ್ಲ.

ಒಬ್ಬನೇ ವ್ಯಕ್ತಿಯ ಎರಡು ದನಿ ಕೇಳಬೇಕೆಂದರೆ ನೆಹರೂ ಅವರ ಧ್ವನಿಮುದ್ರಣಗಳಿವೆ. 1947ರ ಆಗಸ್ಟ್ 14ರ ನಡುರಾತ್ರಿ ಸಂವಿಧಾನ ಸಭೆಯಲ್ಲಿ ಮಾಡಿದ್ದು ಸಿದ್ಧಪಡಿಸಿಕೊಂಡ ಭಾಷಣ. ವಾಕ್ಯಗಳು ಹದವಾಗಿ ಏರಿ ಇಳಿಯುತ್ತವೆ. 1948ರ ಜನವರಿ 30ರ ರಾತ್ರಿ, ಗಾಂಧಿ ಹತ್ಯೆಯಾದ ಕೆಲವೇ ಗಂಟೆಗಳಲ್ಲಿ ರೇಡಿಯೊ ಮುಂದೆ ಕೂತಾಗ ಕೈಯಲ್ಲಿ ಬರಹವಿರಲಿಲ್ಲ. ದನಿ ತಡವರಿಸುತ್ತದೆ, ಹೇಳಿದ್ದನ್ನೇ ತಿದ್ದಿಕೊಳ್ಳುತ್ತದೆ. ಭಾಷಣ ಕಲೆಯ ಅಂಕಪಟ್ಟಿ ಹಿಡಿದು ಕೂತರೆ ಎರಡನೆಯದಕ್ಕೆ ಕಡಿಮೆ ಅಂಕ ಬರಬಹುದು. ಆದರೆ ದೇಶವನ್ನು ಆ ರಾತ್ರಿ ಸಂತೈಸಿದ್ದು ಅದೇ.

ಇಲ್ಲಿ ಒಂದು ಅಪಾಯವೂ ಇದೆ. ದನಿಯನ್ನು ವಿಷಯಕ್ಕೆ ಹೊಂದಿಸಿ ಎಂದೊಡನೆ ಕೆಲವರು ದನಿಯಲ್ಲಿ ನಟಿಸಲು ಹೊರಡುತ್ತಾರೆ. ಸೈನಿಕರ ಬಗ್ಗೆ ಮಾತಾಡುವಾಗ ಬೇಕೆಂದೇ ಗದ್ಗದ, ತಾಯಿಯ ಬಗ್ಗೆ ಹೇಳುವಾಗ ನಡುಕ. ಸಭಿಕರು ಇದನ್ನು ಕ್ಷಣದಲ್ಲಿ ಪತ್ತೆ ಹಚ್ಚುತ್ತಾರೆ. ದುಃಖ ಇರುವವರು ದನಿ ಒಡೆಯದಂತೆ ತಡೆಯಲು ನೋಡುತ್ತಾರೆ, ನಟಿಸುವವರು ಒಡೆಯುವಂತೆ ತಳ್ಳುತ್ತಾರೆ. ವ್ಯತ್ಯಾಸ ಅಲ್ಲೇ ತಿಳಿಯುತ್ತದೆ. ತರಬೇತಿಯಿಂದ ದನಿ ಬದಲಾಗದು ಎಂದಲ್ಲ. ಬ್ರಿಟನ್ನಿನ ಮಾರ್ಗರೆಟ್ ಥ್ಯಾಚರ್ 1970ರ ದಶಕದಲ್ಲಿ ತರಬೇತುದಾರರ ನೆರವಿನಿಂದ ತಮ್ಮ ಕೀಚಲು ಸ್ವರವನ್ನು ತಗ್ಗಿಸಿಕೊಂಡದ್ದು ದಾಖಲೆಯಲ್ಲಿದೆ. ಹೆಂಗಸಿನ ಏರುದನಿಯನ್ನು ‘ಕಿರುಚಾಟ’ ಎಂದೂ ಗಂಡಸಿನದನ್ನು ‘ಗರ್ಜನೆ’ ಎಂದೂ ಕರೆಯುವ ಜಗತ್ತಿನಲ್ಲಿ ಅವರು ಹಾಗೆ ಮಾಡಬೇಕಾಯಿತು ಎನ್ನುವುದನ್ನೂ ಸೇರಿಸಿ ಹೇಳಬೇಕು. ನಮ್ಮ ಪಂಚಾಯಿತಿ ಸಭೆಗಳಲ್ಲಿ ಮಾತಾಡಲು ಎದ್ದ ಸದಸ್ಯೆಯರಿಗೂ ಈ ಅನುಭವ ಚೆನ್ನಾಗಿ ಗೊತ್ತು.

ಇನ್ನು ಮೈಕ್‌ಸೆಟ್ಟಿನವರ ಬಗ್ಗೆ ಎರಡು ಮಾತು. ಕಲ್ಯಾಣ ಮಂಟಪಗಳಲ್ಲಿ ‘ಎಕೋ’ ಗುಂಡಿಯನ್ನು ಆರ್ಕೆಸ್ಟ್ರಾಕ್ಕೆ ತಿರುಗಿಸಿದ್ದನ್ನು ಹಾಗೆಯೇ ಬಿಟ್ಟಿರುತ್ತಾರೆ. ಆಗ ಆಡಿದ ಮಾತೂ ಅದರ ಪ್ರತಿಧ್ವನಿಯೂ ಒಂದರ ಮೇಲೊಂದು ಬಿದ್ದು ಕಲಸುಮೇಲೋಗರವಾಗುತ್ತದೆ. ಕಾರ್ಯಕ್ರಮಕ್ಕೆ ಮುಂಚೆ ಹೋಗಿ ‘ಅಣ್ಣ, ಎಕೋ ತೆಗೀರಿ’ ಎಂದು ಕೇಳುವುದು ಸಂಕೋಚದ ವಿಷಯವಲ್ಲ. ಹ್ಯಾಂಡ್‌ಮೈಕನ್ನು ತುಟಿಗೆ ತಾಗಿಸಿದರೆ ಪ, ಬ ಅಕ್ಷರಗಳು ಪಟಾಕಿ ಸಿಡಿದಂತೆ ಕೇಳುತ್ತವೆ, ಎದೆಯ ಹತ್ತಿರ ಇಳಿಸಿದರೆ ಮಾತು ಕಾಣೆಯಾಗುತ್ತದೆ. ಗಲ್ಲದ ಮಟ್ಟದಲ್ಲಿ, ಸ್ವಲ್ಪ ಓರೆಯಾಗಿ ಹಿಡಿದರೆ ಸಾಕು. ಮೈಕ್ ಇರುವುದೇ ನೀವು ಕೂಗದಿರಲಿ ಎಂದು.

ದನಿಯ ಹದವನ್ನು ಮನೆಯಲ್ಲೇ ಪರೀಕ್ಷಿಸಿಕೊಳ್ಳಬಹುದು. ಹೇಳಬೇಕಾದ ವಿಷಯದ ಮೊದಲ ನಾಲ್ಕು ವಾಕ್ಯಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಬಾಗಿಲಾಚೆ ಇರುವವರಿಗೆ ಕೇಳಿಸಿ. ಪದಗಳು ಅವರಿಗೆ ಸರಿಯಾಗಿ ತಿಳಿಯದಷ್ಟು ಸದ್ದು ಕಡಿಮೆ ಇರಲಿ. ಇದು ಸಂತಾಪವೋ, ಸ್ವಾಗತವೋ, ಪ್ರತಿಭಟನೆಯೋ ಎಂದು ದನಿಯಿಂದಲೇ ಅವರು ಗುರುತಿಸಿದರೆ ನೀವು ಅರ್ಧ ಗೆದ್ದಂತೆ. ‘ಯಾವುದೋ ಭಾಷಣ’ ಎಂದರೆ ಮತ್ತೊಮ್ಮೆ ಕೂರಬೇಕು.

ಆದರೆ ನಿಜವಾದ ಕೆಲಸ ಆಗಬೇಕಿರುವುದು ಶಾಲೆಯಲ್ಲಿ. ‘ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ನನ್ನ ನೆಚ್ಚಿನ ಗುರುವೃಂದದವರೇ’ ಎಂದು ನಾಲ್ಕನೇ ಕ್ಲಾಸಿನ ಮಗು ಮುಷ್ಟಿ ಬಿಗಿದು, ಕಣ್ಣು ಮೇಲೆ ಮಾಡಿ, ಉಸಿರು ಕಟ್ಟಿ ಒಪ್ಪಿಸುವುದನ್ನು ಪ್ರತಿ ಆಗಸ್ಟ್ 15ರಂದು ನೋಡುತ್ತೇವೆ. ಬರೆದುಕೊಟ್ಟದ್ದು ಮೇಷ್ಟ್ರು ಅಥವಾ ಅಪ್ಪ. ಬಾಯಿಪಾಠ ಮಾಡಿಸಿದ್ದು ಅಮ್ಮ. ಅರ್ಥ ಮಗುವಿಗೆ ಗೊತ್ತಿಲ್ಲ, ಗೊತ್ತಿಲ್ಲದ ಅರ್ಥಕ್ಕೆ ದನಿ ಎಲ್ಲಿಂದ ಬರಬೇಕು? ಜೋರಾಗಿ ಕಿರುಚಿದ ಮಗುವಿಗೆ ಮೊದಲ ಬಹುಮಾನ. ಬಹುಮಾನ ಬಂದ ಆ ದನಿಯೇ ಮೂವತ್ತು ವರ್ಷಗಳ ನಂತರ ಶ್ರದ್ಧಾಂಜಲಿ ಸಭೆಯ ಮೈಕ್ ಹಿಡಿಯುತ್ತದೆ.

ಆದ್ದರಿಂದ ಮೇಷ್ಟ್ರುಗಳಲ್ಲಿ, ಮೇಡಮ್ಮುಗಳಲ್ಲಿ, ತಂದೆತಾಯಂದಿರಲ್ಲಿ ಒಂದು ಕೋರಿಕೆ. ಈ ಸಲದ ಸ್ವಾತಂತ್ರ್ಯ ದಿನಕ್ಕೆ ಮಗುವಿಗೆ ಭಾಷಣ ಬರೆದುಕೊಡಬೇಡಿ. ಗಾಂಧೀಜಿಯ ಬಗ್ಗೆಯೋ ಕಿತ್ತೂರಿನ ಚೆನ್ನಮ್ಮನ ಬಗ್ಗೆಯೋ ಒಂದು ಕಥೆ ಹೇಳಿ. ಅದನ್ನು ಮಗು ತನ್ನ ಅಜ್ಜಿಗೆ ಹೇಗೆ ಹೇಳುತ್ತದೋ ಹಾಗೇ ವೇದಿಕೆಯ ಮೇಲೆ ಎರಡು ನಿಮಿಷ ಹೇಳಲು ಬಿಡಿ. ನಡುವೆ ಮರೆತು ನಿಂತರೆ ನಿಲ್ಲಲಿ, ತನ್ನ ಊರಿನ ಮಾತೇ ಬಂದರೆ ಬರಲಿ. ತೀರ್ಪುಗಾರರಾಗಿ ಕೂತವರು ದಯವಿಟ್ಟು ಗಟ್ಟಿ ದನಿಗೆಂದು ಪ್ರತ್ಯೇಕ ಅಂಕ ಇಡಬೇಡಿ.